ಅಗ್ಗದ ಯುದ್ಧವಿಮಾನವಾವುದು?

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ರೈತನು ದನದ ಪೇಟೆಗೆ ಹೋದರೆ ಎತ್ತಿನ ಬೆಲೆಯನ್ನಷ್ಟೇ ಕೇಳಿ ವ್ಯಾಪಾರ ಮುಗಿಸುವದಿಲ್ಲ. ಹಲ್ಲು ನೋಡುವನು, ನಡಿಗೆ ನೋಡುವನು, ಮೇವೆಷ್ಟು ಬೇಕೆಂದು ವಿಚಾರಿಸುವನು. ದೇಶದ ವಾಯುದಳಕ್ಕೆ ವಿಮಾನ ಕೊಳ್ಳುವಾಗಲೂ ಇದೇ ವಿವೇಕವು ಬೇಕೆಂಬದು ನಮ್ಮ ಮತ.

ಈ ವಿಚಾರವು ಇಂದು ಬಹು ಜರೂರಿನದು. 1963ರಿಂದ ಸೇವೆಯಲ್ಲಿದ್ದ ಮಿಗ್-21 ವಿಮಾನಗಳು 2025ರ ಸಪ್ಟೆಂಬರ 26ರಂದು ಚಂಡೀಗಡದಲ್ಲಿ ನಿವೃತ್ತವಾದವು. ಮಂಜೂರಾದ ಯುದ್ಧವಿಮಾನದ ತುಕಡಿಗಳು 42. ಅಂದು ಉಳಿದವು 29 ಮಾತ್ರ. ಈ ಕೊರತೆಯನ್ನು ತುಂಬುವ ಬಗೆಯೆಂತು?

ಉಭಯ ಪಕ್ಷಗಳ ವಾದವನ್ನೂ ಕೇಳೋಣ. 2016ರಲ್ಲಿ ಫ್ರಾನ್ಸ ದೇಶದಿಂದ 36 ರಫೇಲ್ ವಿಮಾನಗಳನ್ನು ಆಯುಧಸಹಿತವಾಗಿ ಸುಮಾರು 59,000 ಕೋಟಿ ರೂಪಾಯಿಗಳಿಗೆ ಕೊಳ್ಳುವ ಕರಾರಾಯಿತು. 2021ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರಖಾನೆಯೊಡನೆ 83 ತೇಜಸ್ ವಿಮಾನಗಳಿಗೆ ಸುಮಾರು 48,000 ಕೋಟಿಯ ಕರಾರಾಯಿತು. ರಫೇಲು ಎರಡು ಎಂಜಿನುಗಳ, ಹೆಚ್ಚು ಭಾರ ಹೊರುವ ವಿಮಾನವು. ತೇಜಸ್ಸು ಒಂದೇ ಎಂಜಿನಿನ ಹಗುರಾದುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನ್ಯಾಯವಲ್ಲ. ಆದರೆ ಗಡಿಯ ನಿತ್ಯದ ಕಾವಲಿಗೆಲ್ಲ ಭಾರೀ ವಿಮಾನವನ್ನೇ ಕಳಿಸುವದು, ಒಂದು ಹೊರೆ ಹುಲ್ಲಿಗೆ ಎಂಟೆತ್ತಿನ ಬಂಡಿ ಹೂಡಿದಂತೆಯೇ ಸರಿ.

ಪ್ರತಿವಾದಿಯು ಕೇಳುವನು: ಸ್ವದೇಶೀ ವಿಮಾನವು ಹೊತ್ತಿಗೆ ಒದಗಿತೇ? ಒದಗಲಿಲ್ಲವೆಂಬದನ್ನು ನಾವು ಮುಚ್ಚಿಡಲಾರೆವು. 1983ರಲ್ಲಿ ಮಂಜೂರಾದ ಯೋಜನೆ. ತೇಜಸ್ಸು ಮೊದಲು ಹಾರಿದ್ದು 2001ರ ಜನೇವರಿ 4ರಂದು. ಮೊದಲ ತುಕಡಿ ಕಟ್ಟಿದ್ದು 2016ರಲ್ಲಿ. ಸುಧಾರಿಸಿದ ಮಾದರಿಯು 2024ರ ಮಾರ್ಚಿನೊಳಗೆ ಬರತೊಡಗಬೇಕಾಗಿತ್ತು, ಬರಲಿಲ್ಲ. ಇದಕ್ಕೆ ಕಾರಖಾನೆಯವರೂ ಉತ್ತರ ಹೇಳತಕ್ಕದ್ದು. ಆದರೆ ಮುಖ್ಯ ಕಾರಣಗಳಲ್ಲೊಂದು ಪರಾಧೀನತೆಯೇ. 2021ರಲ್ಲಿ ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಕಂಪನಿಯಿಂದ 99 ಎಂಜಿನುಗಳನ್ನು ಕೇಳಲಾಯಿತು. ಅವುಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರಲ್ಲಿ!

ಇದು ಹಳೆಯ ರೋಗವು. ಜರ್ಮನಿಯ ಕುರ್ತ ಟ್ಯಾಂಕರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರಚಿತವಾದ ‘ಮಾರುತ’ವು 1961ರಲ್ಲಿ ಹಾರಿತು, 1971ರ ಯುದ್ಧದಲ್ಲಿ ಕಾದಿತು. ದೇಹವು ಗಟ್ಟಿ, ಆದರೆ ತಕ್ಕ ಎಂಜಿನಿಲ್ಲದೆ ಅದರ ವೇಗವು ಎಣಿಸಿದಷ್ಟು ಏರಲಿಲ್ಲ. 147 ವಿಮಾನಗಳಿಗೆ ಕೆಲಸ ನಿಂತಿತು. ‘ಕಾವೇರಿ’ ಎಂಬ ಎಂಜಿನನ್ನು ಬೆಂಗಳೂರಿನಲ್ಲಿಯೇ ಸಾಧಿಸಹೋದರು. ಸಾಕಷ್ಟು ನೂಕುಬಲ ಬಾರದ್ದರಿಂದ 2008ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಿದರು.

ಆದುದರಿಂದ ನಮ್ಮ ತೀರ್ಮಾನವಿದು. ಅವಶ್ಯವಿದ್ದಷ್ಟು ಭಾರೀ ವಿಮಾನಗಳನ್ನು ಹೊರಗಿನಿಂದ ತರಲಿ. ಸಂಖ್ಯಾಬಲವು ಸ್ವದೇಶೀ ಹಗುರ ವಿಮಾನದಿಂದಲೇ ಬರಲಿ. 2025ರ ಸಪ್ಟೆಂಬರದಲ್ಲಿ ಇನ್ನೂ 97 ತೇಜಸ್ಸುಗಳಿಗೆ ಕರಾರಾದದ್ದು ಯೋಗ್ಯವೇ. ಆದರೆ ಎಂಜಿನಿನ ವಿದ್ಯೆಗೆ ಹಣವನ್ನೂ ತಾಳ್ಮೆಯನ್ನೂ ವೆಚ್ಚಮಾಡದಿದ್ದರೆ ಎತ್ತು ನಮ್ಮದು, ಮೂಗುದಾರ ಪರರದು ಎಂಬಂತಾಗುವದು.

ಚಿಕ್ಕೋಡಿಗೆ ನೆರೆಯ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಇಂದು ವಿಮಾನದ ಬಿಡಿಭಾಗಗಳು ತಯಾರಾಗಿ ಪರದೇಶಗಳಿಗೆ ಹೋಗುತ್ತಿವೆ. ನಿಪ್ಪಾಣಿ, ಕಾಗವಾಡಗಳ ಗುರುಗಳೇ, ನಿಮ್ಮ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು ತೋರಿಸಿರಿ. ಬಿಡಿಭಾಗ ಕಡೆಯಬಲ್ಲ ಕೈಗಳಿಗೆ ಎಂಜಿನಿನ ಗುಟ್ಟು ಎಂದೆಂದಿಗೂ ನಿಲುಕದೆಂದು ನಂಬಲು ನಮಗಂತೂ ಕಾರಣ ಕಾಣದು.