ಅಲರ್ಟ್ ಬಂದರೆ ರಜೆ, ಪಾಠ ಯಾವಾಗ?



ಮಳೆಗಾಲ ಬಂತೆಂದರೆ ಹೈದರಾಬಾದಿನ ಮನೆಮನೆಯ ಮೊಬೈಲಿಗೂ ಯೆಲ್ಲೊ, ಆರೆಂಜ್, ರೆಡ್ ಅಲರ್ಟ್‌ಗಳು ಬರುತ್ತವೆ. ಮಕ್ಕಳಿಗೆ ಬೇಕಾಗುವುದು ನಾಳೆ ರಜೆ ಉಂಟೋ ಇಲ್ಲವೋ ಎಂಬುದಷ್ಟೇ. ರಜೆ ಕೊಡಲಿ, ತಕರಾರಿಲ್ಲ. ಆ ಬಣ್ಣಗಳ ಅರ್ಥ ಕಲಿಸುವ ಹೊಣೆ ಯಾರದು?

ಹೊರೆ ಇಳಿಸುವ ಹೆಸರಿನಲ್ಲಿ 2022ರಲ್ಲಿ ಎನ್‌ಸಿಇಆರ್‌ಟಿ ಏಳನೇ ತರಗತಿಯ ವಿಜ್ಞಾನ ಪುಸ್ತಕದಿಂದ ಗಾಳಿ, ಬಿರುಗಾಳಿ, ಚಂಡಮಾರುತಗಳ ಪಾಠವನ್ನೇ ಕೈಬಿಟ್ಟಿತು. ಈಗ ಹೊಸ ಸಮಾಜ ವಿಜ್ಞಾನ ಪುಸ್ತಕದಲ್ಲಿ ಹವಾಮಾನ ಮತ್ತೆ ಬಂದಿದೆ. ಆದರೆ ಕಲಿಸುವ ರೀತಿ ಬದಲಾಗಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿ ಸಿರಸ್, ಕ್ಯುಮುಲಸ್, ಸ್ಟ್ರಾಟಸ್ ಎಂದು ಗಡಗಡ ಒಪ್ಪಿಸುತ್ತಾಳೆ. ಮೊನ್ನೆ ತಾರಸಿಯಿಂದ, ತಳ ಕಪ್ಪಾಗಿ ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿದ್ದ ಗುಡುಗುಮೋಡ ತೋರಿಸಿ ಇದ್ಯಾವುದಮ್ಮ ಎಂದರೆ, ‘ಅದು ಪೋರ್ಷನ್‌ನಲ್ಲಿಲ್ಲ ಅಂಕಲ್’ ಎಂದಳು. ಗುಡುಗು ಕೇಳಿಸಿದರೆ ತಾರಸಿ ಬಿಟ್ಟು ಇಳಿಯಬೇಕು, ಮರದಡಿ ನಿಲ್ಲಬಾರದು ಎಂಬುದೂ ಪೋರ್ಷನ್‌ನಲ್ಲಿಲ್ಲವೇ?

1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ಊರಿದು. ಆಗ ನಿಜಾಮರು ಕರೆಸಿದ ನಮ್ಮ ವಿಶ್ವೇಶ್ವರಯ್ಯನವರು ನದಿಯ ಮೇಲ್ಭಾಗದ ಮಳೆಯ ಅಂಕಿಅಂಶ ಕಲೆಹಾಕಿಯೇ ಪರಿಹಾರದ ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ. 2020ರ ಅಕ್ಟೋಬರ್ 13ರಂದು ಬೇಗಂಪೇಟೆಯಲ್ಲಿ ಸುಮಾರು 190 ಮಿ.ಮೀ. ಮಳೆ ಸುರಿಯಿತು. 1908ರದು ಹಸ್ತ ಮಳೆ, 2020ರದು ಚಿತ್ತೆ ಮಳೆ. ಮಳೆಗಾಲ ಮುಗಿಯಿತೆಂದು ಮೈಮರೆಯುವ ಹೊತ್ತು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ ಅಂದು ನೂರು ಚದರ ಮೀಟರಿನ ತಾರಸಿಯೊಂದರ ಮೇಲೆ ಬಿದ್ದದ್ದು 19,000 ಲೀಟರ್, ಹೆಚ್ಚುಕಡಿಮೆ ಎರಡು ದೊಡ್ಡ ಟ್ಯಾಂಕರ್. ಕೆರೆ, ನಾಲಾ ಒತ್ತುವರಿಯಾದರೆ ಆ ನೀರು ಎಲ್ಲಿಗೆ ನುಗ್ಗುತ್ತದೆಂದು ಮಕ್ಕಳೇ ಲೆಕ್ಕ ಹಾಕಿಯಾರು.

ಪ್ರತಿ ಶಾಲೆಗೂ ಒಂದು ಮಳೆಮಾಪಕ ಬೇಕು. ಹವಾಮಾನ ಇಲಾಖೆ ಅಳೆಯುವ ಬೆಳಗಿನ 8.30ಕ್ಕೇ ಮಕ್ಕಳು ಅಳೆದು, ಫಲಕದ ಮೇಲೆ ಸುಭಾಷಿತದ ಪಕ್ಕ ಬರೆಯಲಿ. ದುಡ್ಡಿಲ್ಲವೆನ್ನುವ ಶಾಲೆಗೆ ನೇರ ಗೋಡೆಯ ಡಬ್ಬಿ, ಒಂದು ಸ್ಕೇಲು ಸಾಕು. ವರ್ಷಕ್ಕೊಮ್ಮೆ ಬೇಗಂಪೇಟೆಯ ಹವಾಮಾನ ಕೇಂದ್ರವನ್ನು ತೋರಿಸಲಿ. ತೆಲಂಗಾಣ ಶಿಕ್ಷಣ ಇಲಾಖೆ ಮುಂದಿನ ಮೃಗಶಿರೆಯೊಳಗೆ ಈ ಬಗ್ಗೆ ಸುತ್ತೋಲೆ ಹೊರಡಿಸಬೇಕು. ಅಲ್ಲಿಯವರೆಗೆ ಕಾಯದೆ ನಗರದ ಕನ್ನಡ ಶಾಲೆಗಳು ತಾವೇ ಆರಂಭಿಸಲಿ.

– ಓರ್ವ ಓದುಗ, ಕಾಚಿಗುಡ, ಹೈದರಾಬಾದ್