ವಾರಂಟಿ ಉಪಕಾರ ಅಲ್ಲ, ನಾವು ಮೊದಲೇ ಕೊಟ್ಟ ದುಡ್ಡು

(1/7)
"ಫ್ರೀಯಾಗಿ ಮಾಡಿಕೊಟ್ಟಿದ್ದೀವಲ್ಲ ಸರ್, ಇನ್ನೇನು ಬೇಕು?"

ಹೊಸ ವ್ಯಾನ್ ತಗೊಂಡು ಒಂದೇ ತೊಂದರೆಗೆ ಮೂರ್ನಾಲ್ಕು ಸಲ ಸರ್ವಿಸ್ ಸೆಂಟರ್‌ಗೆ ಅಲೆದವರಿಗೆ ಈ ಡೈಲಾಗ್ ಬಾಯಿಪಾಠ. ನಂಗೆ ಈ 'ಫ್ರೀ' ಅನ್ನೋ ಪದದ ಮೇಲೇ ಜಗಳ ಇದೆ. ಈ ಸಲದ ಸೀರೀಸ್ ಪೂರ್ತಿ ಅದರ ಬಗ್ಗೆನೇ. ಸ್ವಲ್ಪ ಉದ್ದ ಇದೆ, ಆದ್ರೆ ನಿಮ್ಮ ಮನೇಲೋ ಬೀದೀಲೋ ವ್ಯಾನ್ ಓಡಿಸಿ ಬದುಕೋರು ಇದ್ದರೆ ಕೊನೇವರೆಗೂ ಓದಿ.

ನಮ್ಮ ಶಿವಮೊಗ್ಗ-ಭದ್ರಾವತಿ ಕಡೆ ವ್ಯಾನ್ ಅಂದ್ರೆ ಶೋಕಿ ಅಲ್ಲ. ಬೆಳಿಗ್ಗೆ ಸ್ಕೂಲ್ ಮಕ್ಕಳು, ಮಧ್ಯಾಹ್ನ ಕೇಟರಿಂಗ್ ಪಾತ್ರೆ, ಭಾನುವಾರ ಜೋಗ ಇಲ್ಲ ಆಗುಂಬೆ ಟ್ರಿಪ್. ಅದು ಶೆಡ್‌ನಲ್ಲಿ ನಿಂತ ದಿನ ಮನೆಗೆ ದುಡ್ಡು ಬರಲ್ಲ. ಇಎಂಐ ಮಾತ್ರ ನಿಲ್ಲಲ್ಲ.

(2/7)
ನಮ್ಮ ಬೀದಿಯ ಒಬ್ಬ ಅಣ್ಣನ ಕಥೆ ಚಿಕ್ಕದಾಗಿ ಹೇಳ್ತೀನಿ. ಹೆಸರು, ಕಂಪನಿ, ಶೋರೂಮ್ ಯಾವುದೂ ಹೇಳಲ್ಲ, ಕೇಳಬೇಡಿ. ಗಾಡಿ ಬಿಸಿಯಾದ ಮೇಲೆ ಏರು ಹತ್ತುವಾಗ ಜರ್ಕ್ ಹೊಡೆಯುತ್ತೆ, ವಾರ್ನಿಂಗ್ ಲೈಟ್ ಬಂದು ಹೋಗುತ್ತೆ. ಶೆಡ್‌ಗೆ ಹೋದಾಗ ಗಾಡಿ ತಣ್ಣಗಿರುತ್ತೆ. ಅಂಗಳದಲ್ಲೇ ಒಂದು ರೌಂಡ್ ಹೊಡೆದು "ಪ್ರಾಬ್ಲಮ್ ಕಾಣ್ತಿಲ್ಲ" ಅಂತಾರೆ. ವಾರಕ್ಕೆ ಮತ್ತೆ ಅದೇ. ನಾಲ್ಕು ಸಲ ಹೋಗಿ ಬಂದರೂ ಅವರ ಕೈಲಿ ಇದ್ದ ಕಾಗದ ಒಂದೇ, ಅದರಲ್ಲಿ ಬರೆದಿದ್ದು 'ಜನರಲ್ ಚೆಕಪ್'.

ಅಂದ್ರೆ ದಾಖಲೆ ಪ್ರಕಾರ ಆ ಗಾಡಿಗೆ ಕಾಯಿಲೆನೇ ಇಲ್ಲ!

(3/7)
ಹಿಂದೆ ಹೀಗಿರಲಿಲ್ಲ ಅಂತ ದೊಡ್ಡವರು ಹೇಳ್ತಾರೆ. ಅದು ಬರೀ ಹಳೇ ಕಾಲದ ಹೊಗಳಿಕೆ ಅಲ್ಲ, ಕಾರಣ ಇದೆ. 1984ರಲ್ಲಿ ಮಾರುತಿ ವ್ಯಾನ್ ಬಂತು, 1988ರಲ್ಲಿ ಅದಕ್ಕೆ ಓಮ್ನಿ ಅಂತ ಹೆಸರಾಯ್ತು. 796 ಸಿಸಿ, ಮೂರು ಸಿಲಿಂಡರ್, ಮುಂದಿನ ಸೀಟ್ ಎತ್ತಿದ್ರೆ ಎಂಜಿನ್. ಆ ಕಾರ್ಬುರೇಟರ್ ಗಾಡೀನ ಸಾಗರ ರೋಡ್ ಆಟೋ ಕಾಂಪ್ಲೆಕ್ಸ್‌ನ ಮೇಸ್ತ್ರಿ ಶಬ್ದ ಕೇಳಿಯೇ ರಿಪೇರಿ ಮಾಡ್ತಿದ್ದರು. ವಾರಂಟಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ವಿದ್ಯೆ ಊರಲ್ಲೇ ಇತ್ತು.

2019ರಲ್ಲಿ ಓಮ್ನಿ ನಿಂತಿತು, 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಈಗಿನ ವ್ಯಾನ್ ಯಾವ ಕಂಪನಿದಾದ್ರೂ ಸೆನ್ಸರ್, ಇಸಿಯು, ಸಾಫ್ಟ್‌ವೇರ್ ಇದ್ದೇ ಇರುತ್ತೆ. ಗಾಳಿಗೆ ಒಳ್ಳೇದು, ನಾನು ವಿರೋಧಿಸ್ತಿಲ್ಲ. ಆದ್ರೆ ರೋಗ ಕಂಡುಹಿಡಿಯೋ ಸ್ಕ್ಯಾನರ್ ಈಗ ಹೆಚ್ಚಾಗಿ ಕಂಪನಿ ಶೆಡ್‌ನಲ್ಲೇ ಇದೆ. ಹೊರಗೆ ಕೈ ಹಾಕಿಸಿದ್ರೆ ವಾರಂಟಿ ಹೋಗುತ್ತೆ ಅನ್ನೋ ಭಯ ಬೇರೆ. ಊರಿನ ಮೇಸ್ತ್ರಿ ಹತ್ರ ಹೋಗೋ ದಾರಿ ಮುಚ್ಚಿದ ಮೇಲೆ, ತೆರೆದಿರೋ ಒಂದೇ ಬಾಗಿಲಲ್ಲಿ ಸರಿಯಾಗಿ ಉತ್ತರ ಕೊಡೋದು ಅವರ ಜವಾಬ್ದಾರಿ ಅಲ್ವಾ?

(4/7)
ಈಗ ನಮ್ಮ ಬಿಕಾಂ ಬುಕ್ ತೆಗೆಯೋಣ. ಅಕೌಂಟಿಂಗ್ ಸ್ಟ್ಯಾಂಡರ್ಡ್ 29 ನೆನಪಿದೆಯಾ? ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್ 37. ಎಕ್ಸಾಮ್‌ಗೆ ಉರು ಹೊಡೆದು ಮರೆತೇಬಿಡ್ತೀವಿ. ಅದರಲ್ಲಿರೋ ಪ್ರಾವಿಷನ್‌ಗೆ ಎಲ್ಲ ಮೇಷ್ಟ್ರೂ ಕೊಡೋ ಉದಾಹರಣೆ ವಾರಂಟಿನೇ. ಗಾಡಿ ಮಾರಿದ ವರ್ಷವೇ, ಮುಂದೆ ಎಷ್ಟು ರಿಪೇರಿ ಬರಬಹುದು ಅಂತ ಹಳೇ ಅನುಭವದ ಮೇಲೆ ಅಂದಾಜು ಮಾಡಿ ಕಂಪನಿ ಅದನ್ನ ಖರ್ಚು ಅಂತ ಬರೆದಿಡುತ್ತೆ. ಆಮೇಲೆ ನಿಮ್ಮ ಗಾಡಿ ರಿಪೇರಿ ಆದ್ರೆ ಆ ಪ್ರಾವಿಷನ್‌ನಿಂದಲೇ ಕಳೆಯುತ್ತೆ.

ಖರ್ಚು ಅಂತ ಬರೆದದ್ದನ್ನ ಬೆಲೆಯಲ್ಲಿ ಸೇರಿಸದೆ ಯಾವ ವ್ಯಾಪಾರಿ ಬಿಡ್ತಾನೆ ಹೇಳಿ? ಶೋರೂಮ್‌ನಲ್ಲಿ ಚೆಕ್ ಕೊಟ್ಟ ದಿನವೇ ರಿಪೇರಿ ದುಡ್ಡೂ ಕೊಟ್ಟಾಗಿದೆ. ಅದು ಅಡ್ವಾನ್ಸ್. ಅಡ್ವಾನ್ಸ್ ಕೊಟ್ಟ ಕೆಲಸ ಮಾಡಿಸಿಕೊಳ್ಳೋಕೆ ಯಾಕೆ ಕೈ ಮುಗಿದು ನಿಲ್ಲಬೇಕು?

(5/7)
ಇನ್ನೊಂದು ಲೆಕ್ಕ ನೋಡಿ. ವಾರಂಟಿ ವರ್ಷ ಮತ್ತು ಕಿಲೋಮೀಟರ್ ಎರಡರಲ್ಲೂ ಇರುತ್ತೆ, ಯಾವುದು ಮೊದಲು ಮುಗಿಯುತ್ತೋ ಅದು. ಮಾರುತಿ ಕಂಪನಿಯದೇ ಮೊದಲು 2 ವರ್ಷ ಅಥವಾ 40,000 ಕಿ.ಮೀ. ಇತ್ತು. 2024ರ ಜುಲೈನಲ್ಲಿ 3 ವರ್ಷ ಅಥವಾ 1,00,000 ಕಿ.ಮೀ. ಮಾಡಿದರು. ಒಳ್ಳೇ ಬದಲಾವಣೆ. ಯಾಕಂದ್ರೆ ಭದ್ರಾವತಿಗೆ ಎರಡು ಸಲ ಹೋಗಿ ಬಂದು ಊರೊಳಗೂ ಓಡೋ ವ್ಯಾನ್ ದಿನಕ್ಕೆ 100 ಕಿ.ಮೀ. ಆರಾಮಾಗಿ ಓಡುತ್ತೆ. ಆ ಲೆಕ್ಕದಲ್ಲಿ 40,000 ಅಂದ್ರೆ 400 ದಿನ. ಎರಡು ವರ್ಷದ ವಾರಂಟಿ ಹದಿಮೂರು ತಿಂಗಳಿಗೇ ಖಾಲಿ!

ಹಾಗಾಗಿ "ಇನ್ನೊಂದು ವಾರ ಓಡಿಸಿ ನೋಡಿ" ಅನ್ನೋದು ಸಣ್ಣ ಮಾತಲ್ಲ. ಒಂದು ವಾರ ಅಂದ್ರೆ 700 ಕಿ.ಮೀ. ವಾರಂಟಿ ಕರಗಿತು ಅಂತ ಅರ್ಥ.

ಆ ಕಡೆಯವರ ಮಾತೂ ಹೇಳಬೇಕು. ಬಂದು ಹೋಗೋ ತೊಂದರೆ ಹಿಡಿಯೋದು ನಿಜಕ್ಕೂ ಕಷ್ಟ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ಥರ ಸವೆಯೋ ಭಾಗಗಳಿಗೆ ಸಾಮಾನ್ಯವಾಗಿ ವಾರಂಟಿ ಇರಲ್ಲ. ಐದು ಜನರ ಗಾಡೀಲಿ ಹತ್ತು ಮಕ್ಕಳನ್ನ ತುಂಬಿ, ಸರ್ವಿಸ್ ತಪ್ಪಿಸಿ, ಆಮೇಲೆ ಕಂಪನಿಗೆ ಬೈದರೆ ಕೇಸ್ ನಿಲ್ಲಲ್ಲ. ಬೆಳಿಗ್ಗೆಯಿಂದ ಗ್ರೀಸ್ ಮೆತ್ತಿಕೊಂಡು ದುಡಿಯೋ ಮೆಕ್ಯಾನಿಕ್ ಹುಡುಗನ ಮೇಲೆ ರೇಗೋದಂತೂ ಬೇಡ್ವೇ ಬೇಡ. ಅವನ ಕೈಲಿ ಏನೂ ಇಲ್ಲ.

(6/7)
ಹಾಗಾದ್ರೆ ಏನು ಮಾಡಬೇಕು? ಜಗಳ ಕಮ್ಮಿ, ಕಾಗದ ಜಾಸ್ತಿ.

• ಪ್ರತಿ ಸಲ ಜಾಬ್ ಕಾರ್ಡ್ ಮಾಡಿಸಿ. 'ಜನರಲ್ ಚೆಕಪ್' ಅಂತ ಬರೆಯೋಕೆ ಬಿಡಬೇಡಿ. "ಬಿಸಿಯಾದ ಮೇಲೆ ಏರಿನಲ್ಲಿ ಜರ್ಕ್" ಅಂತ ನಿಮ್ಮ ಮಾತಲ್ಲೇ ಬರೆಸಿ. ಮುಂದಿನ ಸಲವೂ ಅದೇ ಪದ.
• ಬಿಲ್ ಸೊನ್ನೆ ರೂಪಾಯಿ ಆದ್ರೂ ಕಾಪಿ ತಗೊಳ್ಳಿ. ಏನು ಚೆಕ್ ಮಾಡಿದರು, ಯಾವ ಭಾಗ ಬದಲಿಸಿದರು ಅಂತ ಇರಬೇಕು.
• ತೊಂದರೆ ಬಂದಾಗ ಪಕ್ಕದಲ್ಲಿ ಕೂತವರ ಕೈಲಿ ವಿಡಿಯೋ ಮಾಡಿಸಿ. ಓಡಿಸ್ತಾ ನೀವೇ ಮಾಡಬೇಡಿ.
• ಅಂಗಳದಲ್ಲಿ ರೌಂಡ್ ಬೇಡ. ಗಾಡಿ ಬಿಸಿಯಾಗೋವರೆಗೂ ಟೆಕ್ನಿಷಿಯನ್ ಕೂರಿಸಿಕೊಂಡು ಓಡಿಸಿ ತೋರಿಸಿ.
• ಎರಡನೇ ಸಲಕ್ಕೂ ಸರಿ ಹೋಗದಿದ್ದರೆ ಶೋರೂಮ್ ಬಿಟ್ಟು ನೇರ ಕಂಪನಿಗೆ ಇಮೇಲ್. ವಾರಂಟಿ ಮುಗಿಯೋ ಮುಂಚೆ ದಾಖಲಾದ ದೂರಿಗೆ, ಮುಗಿದ ಮೇಲೂ ತೂಕ ಇರುತ್ತೆ.
• ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ನಮ್ಮ ಶಿವಮೊಗ್ಗದಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಬೆಂಗಳೂರಲ್ಲಿ ತಗೊಂಡಿದ್ದರೂ ಸರಿ. ಲಾಯರ್ ಕಡ್ಡಾಯ ಅಲ್ಲ. 5 ಲಕ್ಷದವರೆಗಿನ ಖರೀದಿಗೆ ಫೀಸ್ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಎರಡು ವರ್ಷದೊಳಗೆ ಹಾಕಬೇಕು.

"ನಿಮ್ಮದು ಬಾಡಿಗೆ ಗಾಡಿ, ನೀವು ಗ್ರಾಹಕರೇ ಅಲ್ಲ" ಅಂತ ಹೆದರಿಸ್ತಾರೆ. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ತಗೊಂಡ ವಸ್ತುವಾದ್ರೆ ಗ್ರಾಹಕರೇ ಅಂತ ಕಾಯ್ದೆಯಲ್ಲೇ ಇದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ತಾನೇ ಓಡಿಸೋ ಆಟೋದವನ ಉದಾಹರಣೆ ಕೊಟ್ಟೇ ಇದನ್ನ ವಿವರಿಸಿದೆ.

ಆದ್ರೆ ಕೇಸ್ ಹಾಕಿದ ಕೂಡಲೇ ಹೊಸ ಗಾಡಿ ಬರುತ್ತೆ ಅನ್ನೋ ಆಸೆ ಬೇಡ. ವಾರಂಟಿಯ ಷರತ್ತು ಕೆಟ್ಟ ಭಾಗ ರಿಪೇರಿ ಮಾಡೋದು, ಇಲ್ಲ ಬದಲಿಸೋದು ಅಂತಿದ್ದಾಗ ಇಡೀ ಗಾಡಿ ಬದಲಿಸಿ ಅನ್ನೋ ಆದೇಶವನ್ನ ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಲಿಲ್ಲ. ತಯಾರಿಕೆಯಲ್ಲೇ ದೋಷ ಅಂತ ತೋರಿಸೋಕೆ ತಜ್ಞರ ವರದಿ ಬೇಕಾಗಬಹುದು. ಪರೀಕ್ಷೆಗೆ ಕಳಿಸೋ ಅಧಿಕಾರ ಆಯೋಗಕ್ಕೆ ಇದೆ.

(7/7)
ಕೊನೆಯದಾಗಿ, ದೂರು ದಾಖಲಾಗೋದು ಒಬ್ಬರಿಗೋಸ್ಕರ ಮಾತ್ರ ಅಲ್ಲ. 2023ರ ಜುಲೈನಲ್ಲಿ ಮಾರುತಿ, ಎಸ್-ಪ್ರೆಸ್ಸೊ ಮತ್ತು ಈಕೋ ಸೇರಿ 87,599 ಗಾಡಿಗಳನ್ನ ಸ್ಟೀರಿಂಗ್ ಟೈ ರಾಡ್ ಪರೀಕ್ಷೆಗೆ ವಾಪಸ್ ಕರೆಯಿತು. (ಇದಕ್ಕೂ ಮೇಲೆ ಹೇಳಿದ ಅಣ್ಣನ ಗಾಡಿಗೂ ಸಂಬಂಧ ಇಲ್ಲ.) ಕಂಪನಿ ತಾನೇ ಮುಂದೆ ಬಂದು ಹೀಗೆ ಹೇಳಿದ್ರೆ ಮರ್ಯಾದೆ ಹೋಗಲ್ಲ, ನಂಬಿಕೆ ಬರುತ್ತೆ. ಹಾಗೆ ಮಾಡದಿದ್ದರೆ, ಸಾಕಷ್ಟು ಮಾಲೀಕರು ಒಂದೇ ದೋಷ ವರದಿ ಮಾಡಿದಾಗ ರೀಕಾಲ್‌ಗೆ ಆದೇಶ ಮಾಡೋ ಅಧಿಕಾರ ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ ಕೇಂದ್ರ ಸರ್ಕಾರಕ್ಕಿದೆ. 'ಜನರಲ್ ಚೆಕಪ್' ಅಂತ ಬರೆದ ಕಾಗದದಿಂದ ಆ ಲೆಕ್ಕ ಯಾವತ್ತೂ ಸೇರಲ್ಲ.

ಕಾಮರ್ಸ್ ಓದೋ ನಮಗೆ ಇದೊಂದು ಸಣ್ಣ ಕೆಲಸ. ನಿಮ್ಮ ಸ್ಕೂಲ್ ದಿನಗಳಲ್ಲಿ ಮಳೇಲೂ ಗೇಟ್ ಹತ್ರ ಕಾದ ವ್ಯಾನ್ ಅಂಕಲ್ ಇದ್ದಾರಲ್ಲ, ಅವರ ಹತ್ರ ಹೋಗಿ ಕೇಳಿ: "ಗಾಡಿ ಪೇಪರ್ ಎಲ್ಲ ಇದೆಯಾ?" ಡೇಟ್ ಪ್ರಕಾರ ಜೋಡಿಸಿ ಫೋಟೋ ತೆಗೆದಿಡಿ, ಒಂದು ಇಮೇಲ್ ಟೈಪ್ ಮಾಡಿಕೊಡಿ. ಅರ್ಧ ಗಂಟೆ ಸಾಕು. ದುಡ್ಡು ಅವರು ಯಾವತ್ತೋ ಕೊಟ್ಟಾಗಿದೆ, ರಸೀದಿ ಜೋಡಿಸೋಕೆ ನಾವು ಕೈ ಹಾಕೋಣ.

ಸೇವ್ ಮಾಡ್ಕೊಳ್ಳಿ, ವ್ಯಾನ್ ಇರೋರಿಗೆ ಕಳಿಸಿ. ಒಪ್ಪದವರು ಕಾಮೆಂಟ್‌ನಲ್ಲಿ ಬನ್ನಿ, ಮಾತಾಡೋಣ.

#ಶಿವಮೊಗ್ಗ #ಭದ್ರಾವತಿ #ವಾರಂಟಿನಮ್ಮಹಕ್ಕು #ಬಿಕಾಂಲೆಕ್ಕ #ಜಾಬ್‌ಕಾರ್ಡ್‌ಕೇಳಿ