ಕೈಯ ನುಡಿಯೂ ತಾಯ್ನುಡಿಯೇ

ಟಾಡ್ ಹೇನ್ಸ್ ನಿರ್ದೇಶನದ ‘ವಂಡರ್‌ಸ್ಟ್ರಕ್’ (2017) ಚಿತ್ರವನ್ನು ಈಚೆಗೆ ನೋಡಿದೆ. ಬ್ರಯಾನ್ ಸೆಲ್ಜ್‌ನಿಕ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಐವತ್ತು ವರ್ಷಗಳ ಅಂತರದ ಎರಡು ಕಥೆಗಳು ಹೆಣೆದುಕೊಂಡಿವೆ. 1927ರಲ್ಲಿ ಮನೆ ಬಿಟ್ಟು ನ್ಯೂಯಾರ್ಕಿಗೆ ಓಡಿಬರುವ ಕಿವುಡ ಬಾಲಕಿ ರೋಸ್. 1977ರಲ್ಲಿ ಸಿಡಿಲಿನಿಂದ ಶ್ರವಣಶಕ್ತಿ ಕಳೆದುಕೊಂಡು, ತಂದೆಯನ್ನರಸುತ್ತ ಅದೇ ನಗರ ಸೇರುವ ಬೆನ್. ರೋಸಳ ಭಾಗ ಕಪ್ಪು-ಬಿಳುಪಿನ ಮೂಕಿಚಿತ್ರದಂತಿದೆ. ಆ ಪಾತ್ರ ವಹಿಸಿದ ಮಿಲಿಸೆಂಟ್ ಸಿಮಂಡ್ಸ್ ಸ್ವತಃ ಕಿವುಡರು.

ಮೂಕಿಚಿತ್ರವನ್ನು ಕಿವಿಯಿದ್ದವರೂ ಇಲ್ಲದವರೂ ಸರಿಸಮನಾಗಿ ಕುಳಿತು ನೋಡುತ್ತಿದ್ದರು. 1927ರಲ್ಲಿ ‘ದಿ ಜಾಝ್ ಸಿಂಗರ್’ ಬಂದ ಮೇಲೆ ತೆರೆ ಮಾತನಾಡತೊಡಗಿತು; ಕಿವುಡರ ಪಾಲಿಗೆ ಬಾಗಿಲು ಮುಚ್ಚಿತು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು (1934) ಹೆಮ್ಮೆಯಿಂದ ಸ್ಮರಿಸುವ ನಾವು, ಅಂದು ಯಾರು ಹೊರಗುಳಿದರೆಂದು ಯೋಚಿಸಿದ್ದುಂಟೆ?

ಹೊರಗಿಡುವ ಕೆಲಸವನ್ನು ವಿದ್ವಾಂಸರೂ ಮಾಡಿದ್ದಾರೆ. 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡರ ಶಾಲೆಗಳಿಂದ ಸನ್ನೆಭಾಷೆಯನ್ನು ಹೊರಹಾಕಿ, ಬಾಯಿಮಾತಿನ ಪದ್ಧತಿಯೇ ಮೇಲೆಂದು ನಿರ್ಣಯಿಸಿತು. ಆ ತಪ್ಪಿಗೆ ವಿಷಾದ ವ್ಯಕ್ತವಾದದ್ದು 2010ರ ವ್ಯಾಂಕೂವರ್ ಸಮ್ಮೇಳನದಲ್ಲಿ.

ನಾನೂ ತಪ್ಪಿತಸ್ಥನೇ. ಕೇಂದ್ರ ಸರಕಾರದ ಸೇವೆಯಲ್ಲಿ ಊರೂರು ತಿರುಗುತ್ತಿದ್ದಾಗ, ಸಂಘವೊಂದರ ರಾಜ್ಯೋತ್ಸವದಲ್ಲಿ ‘ಮಕ್ಕಳಿಂದ ತಾಯ್ನುಡಿಯನ್ನು ಕಸಿಯಬೇಡಿ’ ಎಂದು ಭಾಷಣ ಮಾಡಿದೆ. ಸಭೆ ಮುಗಿದ ಮೇಲೆ ಸದಸ್ಯರೊಬ್ಬರು ತಮ್ಮ ಕಿವುಡ ಮಗಳ ಬಗ್ಗೆ ಸಲಹೆ ಕೇಳಿದರು. ‘ಕೈಸನ್ನೆ ಬಿಡಿಸಿ, ಬಾಯಿಮಾತು ಕಲಿಸಿ’ ಎಂದೆ. ಅಧಿಕಾರಿಯ ಮಾತೆಂದು ಅವರು ನಂಬಿದರು. ಆ ಮಗು ಅಪ್ಪನ ಕೈ ಹಿಡಿದು, ನಮ್ಮಿಬ್ಬರ ತುಟಿಗಳನ್ನು ಸರದಿಯಂತೆ ನೋಡುತ್ತಿತ್ತು.

ವ್ಯಾಕರಣ, ಪದಸಂಪತ್ತು, ಹಾಸ್ಯ ಎಲ್ಲವೂ ಸನ್ನೆಭಾಷೆಗಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನೆ ಹಾಗೂ ತರಬೇತಿಗೆ ಕೇಂದ್ರ ಸ್ಥಾಪನೆಯಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅದನ್ನು ಸಂವಹನದ ಮಾಧ್ಯಮವೆಂದು ಒಪ್ಪಿದೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಮಾತ್ರ ಅದಕ್ಕಿನ್ನೂ ಸ್ಥಾನವಿಲ್ಲ.

ಪರಭಾಷೆಯ ಬೀದಿಯಲ್ಲಿ ಬಾಳುತ್ತ, ಮನೆಯೊಳಗೆ ಕನ್ನಡದ ದೀಪ ಉಳಿಸಿಕೊಂಡವರು ನಾವು. ನುಡಿ ಕಳೆದುಕೊಳ್ಳುವ ಭಯ ನಮಗೆ ಪರಿಚಿತ. ಮನೆಯೊಳಗೇ ಪರಭಾಷಿಕವಾಗಿಬಿಡುವ ಮಗುವಿನ ಸಂಕಟ ನಮಗಲ್ಲದೆ ಇನ್ನಾರಿಗೆ ತಿಳಿಯಬೇಕು? ನಮ್ಮ ಸಂಘಗಳ ವೇದಿಕೆಯಲ್ಲಿ ಸನ್ನೆಭಾಷೆಯ ಅನುವಾದಕರೊಬ್ಬರು ನಿಲ್ಲಲಿ. ನಾವು ತೋರಿಸುವ ಕನ್ನಡ ಚಿತ್ರಗಳ ಕೆಳಗೆ ಕನ್ನಡದ ಅಕ್ಷರಗಳೂ ಮೂಡಲಿ. ಖರ್ಚು ಒಂದು ಸನ್ಮಾನದ ಶಾಲು-ಹಾರಕ್ಕಿಂತ ಹೆಚ್ಚಾದೀತು, ನಿಜ. ಒಂದೆರಡು ಸನ್ಮಾನ ಕಡಿಮೆಯಾದರೆ ಕನ್ನಡಕ್ಕೇನೂ ನಷ್ಟವಿಲ್ಲ.